ನಗೆಮಾತಿನ ಎಚ್ಚರಿಕೆ: ಸಿಂಗಪುರದ ಎರಡು ಸೋಂಕುಗಳ ಇತಿಹಾಸ



ಲೆಕ್ಕಪರಿಶೋಧಕರಾದ ನಾವು ಅಪಾಯವನ್ನು ವರದಿಯ ಗಂಭೀರ ಮಾತಿನಲ್ಲಿ ಬರೆಯುತ್ತೇವೆ. ಸರ್ಕಾರಗಳು ಅದನ್ನೇ ತಮಾಷೆಯಾಗಿ ಹೇಳುವುದನ್ನು ಹೇಗೆ ಕಲಿತವು? ನಾವು ನೆಲೆಸಿರುವ ಸಿಂಗಪುರದ ಇತಿಹಾಸದಲ್ಲೇ ಇದಕ್ಕೊಂದು ಉತ್ತರವಿದೆ.

ಫುವಾ ಚು ಕಾಂಗ್ ನಿಮಗೆಲ್ಲ ಗೊತ್ತು. ಟಿವಿ ಹಾಸ್ಯ ಧಾರಾವಾಹಿಯ ಹಳದಿ ಬೂಟಿನ ಕಂಟ್ರ್ಯಾಕ್ಟರ್, ನಟ ಗುರ್ಮಿತ್ ಸಿಂಗ್ ಅವರ ಪಾತ್ರ. ಅವನಾಡುವುದು ಮಲಯ್, ಹೊಕ್ಕಿಯೆನ್ ಬೆರೆತ ಸಿಂಗ್ಲಿಷ್. 1999ರ ರಾಷ್ಟ್ರೀಯ ದಿನದ ಭಾಷಣದಲ್ಲಿ ಪ್ರಧಾನಿ ಗೋ ಚೋಕ್ ಟಾಂಗ್ ಈ ಪಾತ್ರವನ್ನು ಹೆಸರಿಸಿ, ಅವನನ್ನು ಇಂಗ್ಲಿಷ್ ಪಾಠಕ್ಕೆ ಕಳಿಸಬೇಕೆಂದರು. ಮರುವರ್ಷವೇ ಒಳ್ಳೆಯ ಇಂಗ್ಲಿಷ್ ಮಾತಾಡುವ ಆಂದೋಲನ ಶುರುವಾಯಿತು.

2003ರಲ್ಲಿ ಸಾರ್ಸ್ ಬಂತು. ಇಲ್ಲಿ 238 ಮಂದಿಗೆ ಸೋಂಕು ತಗುಲಿ 33 ಮಂದಿ ತೀರಿಕೊಂಡರು. ಆಗ ಟಿವಿಯಲ್ಲಿ ರ‍್ಯಾಪ್ ಹಾಡಿ ಶುಚಿತ್ವದ ಪಾಠ ಹೇಳಿದವನು ಅದೇ ಚು ಕಾಂಗ್! 2020ರಲ್ಲಿ ಕೋವಿಡ್ ಬಂದಾಗ ಸರ್ಕಾರವೇ ಅವನನ್ನು ಯೂಟ್ಯೂಬಿಗೆ ಕರೆತಂದಿತು; 2021ರಲ್ಲಿ ಲಸಿಕೆ ಹಾಕಿಸಿಕೊಳ್ಳಿ ಎಂದು ಹೇಳಲೂ ಅವನೇ ಬೇಕಾದ. ಕಚೇರಿಗೆ ಸಲ್ಲದ ಆಡುಮಾತು ಕಷ್ಟಕಾಲಕ್ಕೆ ಒದಗಿತು. ಸುತ್ತೋಲೆಯನ್ನು ಯಾರೂ ಗೆಳೆಯರಿಗೆ ಫಾರ್ವರ್ಡ್ ಮಾಡುವುದಿಲ್ಲ, ನಗಿಸುವ ವಿಡಿಯೊವನ್ನು ಮಾಡುತ್ತಾರೆ.

ಇದು ಜಮೆಯ ಬದಿ. ಖರ್ಚಿನ ಬದಿಯನ್ನೂ ನೋಡಬೇಕು. 2020ರ ಕೊನೆಯವರೆಗೆ ಸಿಂಗಪುರದಲ್ಲಿ ಪತ್ತೆಯಾದ ಸೋಂಕಿತರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಡಾರ್ಮಿಟರಿಗಳಲ್ಲಿದ್ದ ವಲಸೆ ಕಾರ್ಮಿಕರು. ಬಾಂಗ್ಲಾದೇಶದಿಂದಲೂ ನಮ್ಮ ಭಾರತದಿಂದಲೂ ಬಂದು ಕಟ್ಟಡ ಕಟ್ಟುವವರು. ಸಿಂಗ್ಲಿಷ್ ಹಾಸ್ಯಕ್ಕೆ ನಗಬೇಕಾದರೆ ಇಲ್ಲೇ ಬೆಳೆದಿರಬೇಕು. ಅರ್ಥವಾದರೂ, ಒಂದೇ ಕೋಣೆಯಲ್ಲಿ ಹತ್ತಾರು ಮಂದಿ ಮಲಗುವಾಗ ಅಂತರ ಕಾಯುವುದು ಹೇಗೆ? ಎಷ್ಟು ಲಕ್ಷ ಜನ ವಿಡಿಯೊ ನೋಡಿದರು ಎಂಬುದಷ್ಟನ್ನೇ ಎಣಿಸಿದರೆ ಈ ಲೆಕ್ಕ ಪುಸ್ತಕಕ್ಕೆ ಬರುವುದೇ ಇಲ್ಲ.

ಆದ್ದರಿಂದ ತಮಾಷೆ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಬೇಕು, ಆದರೆ ಯಾರನ್ನು ತಲುಪಿಲ್ಲ ಎಂದು ಪ್ರತಿ ಸಲವೂ ಕೇಳಬೇಕು. ನಾವೂ ಹೊರಗಿನಿಂದ ಬಂದವರೇ. ಮುಂದೆ ಇಂಥ ವಿಡಿಯೊ ಬಂದಾಗ ನಕ್ಕು ಮುಂದೆ ಕಳಿಸುವ ಮೊದಲು ಮೂರು ಸಾಲು ಸರಳ ಕನ್ನಡ ಸೇರಿಸೋಣ: ಅಪಾಯವೇನು, ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು. ಊರಿನಿಂದ ಬಂದಿರುವ ಅಪ್ಪ ಅಮ್ಮನಿಗೂ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೂ ಅದು ಬೇಕಾಗುತ್ತದೆ.