ಸ್ಪೆನ್ಸರ್ ಮನೆತನದ ವಂಶಾವಳಿ: ಹೊಗಳಿಕೆಯಿಂದ ಪುರಾವೆಯವರೆಗೆ

2000ನೇ ಇಸವಿಯಲ್ಲಿ ಬ್ರಿಟನ್ನಿನ ರಾಜಕುಮಾರ ವಿಲಿಯಂಗೆ 18 ವರ್ಷ ತುಂಬಿದಾಗ ಆತನಿಗೆ ಸ್ವಂತ ಲಾಂಛನ ಕೊಡಲಾಯಿತು. ಅದರ ಮೇಲ್ಭಾಗದ ಪಟ್ಟಿಯಲ್ಲಿ ಬೀಸಣಿಗೆಯಂತೆ ಹರಡಿಕೊಂಡ ಪುಟ್ಟದೊಂದು ಕೆಂಪು ಕಪ್ಪೆಚಿಪ್ಪು ಇತ್ತು. ತಾಯಿ ಡಯಾನಾಳ ತವರಾದ ಸ್ಪೆನ್ಸರ್ ಮನೆತನದ ಗುರುತು ಅದು. ಆ ಮನೆತನದ ಗುರಾಣಿಯಲ್ಲಿ ಅಂಥ ಮೂರು ಚಿಪ್ಪುಗಳಿವೆ. ಅವು ಬಂದದ್ದು 1595ರ ಸುಮಾರಿಗೆ ಸಿದ್ಧವಾದ ಒಂದು ವಂಶಾವಳಿಯ ಬಲದಿಂದ. ಸ್ಪೆನ್ಸರರು ಮಧ್ಯಯುಗದ ಪ್ರಬಲ ಡಿಸ್ಪೆನ್ಸರ್ ಮನೆತನದ ಕವಲು ಎಂದು ಅದು ಸಾರಿತ್ತು. ಆ ವಂಶಾವಳಿಗೆ ಆಧಾರವಿಲ್ಲ ಎಂದು 1901ರಲ್ಲಿ ಇತಿಹಾಸಕಾರ ಜೆ. ಹೊರೇಸ್ ರೌಂಡ್ ತೋರಿಸಿಕೊಟ್ಟ. ಹೀಗೆ ಒಂದು ಕಟ್ಟುಕತೆ ಹುಟ್ಟಿ ಬಯಲಾಗಲು ಮುನ್ನೂರು ವರ್ಷ ಹಿಡಿಯಿತು. ಇಂಗ್ಲೆಂಡಿನಲ್ಲಿ ವಂಶಾವಳಿಯ ಅಧ್ಯಯನ ಒಂದು ಶಾಸ್ತ್ರವಾಗಿ ಬೆಳೆದದ್ದೂ ಈ ಮುನ್ನೂರು ವರ್ಷಗಳಲ್ಲೇ. ಈ ಬೆಳವಣಿಗೆಯನ್ನು ಸಾಮಾನ್ಯವಾಗಿ ಹೊಸ ಹೊಸ ಸಾಧನಗಳ ಕತೆಯಾಗಿ ಹೇಳುತ್ತಾರೆ: ಮೊದಲು ಹಸ್ತಪ್ರತಿ, ಆಮೇಲೆ ಅಚ್ಚು, ಪತ್ರಾಗಾರ, ಈಗ ಡಿಎನ್‌ಎ. ನನ್ನ ಅಭಿಪ್ರಾಯ ಬೇರೆ. ಸಾಧನಗಳು ನೆರವಾದವು ನಿಜ; ಆದರೆ ಈ ಕ್ಷೇತ್ರ ಪಕ್ವವಾದದ್ದು ಪುರಾವೆಯನ್ನು ಅಳೆಯುವ ಅಧಿಕಾರ ಹಣ ಕೊಡುವ ಮನೆತನದ ಕೈತಪ್ಪಿ, ಯಾರು ಬೇಕಾದರೂ ತೆರೆದು ಓದಬಹುದಾದ ದಾಖಲೆಯ ಪಾಲಾದಾಗ.

ಲಾಂಛನಗಳ ಉಸ್ತುವಾರಿಗೆಂದು ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್ ಸಂಸ್ಥೆಗೆ 1484ರಲ್ಲಿ ಸನದು ಕೊಟ್ಟವನು ಮೂರನೇ ರಿಚರ್ಡ್. 1530ರಿಂದ ಅಲ್ಲಿನ ಅಧಿಕಾರಿಗಳಾದ ಹೆರಾಲ್ಡರು ರಾಜಾಜ್ಞೆ ಹಿಡಿದು ಒಂದೊಂದೇ ಕೌಂಟಿಗೆ ತನಿಖೆಗೆ ಹೊರಟರು. ಲಾಂಛನ ಬಳಸುವ ಪ್ರತಿ ಮನೆತನವೂ ತನ್ನ ಹಕ್ಕನ್ನು ತೋರಿಸಬೇಕಿತ್ತು. ತೋರಿಸಲಾಗದವರು ತಮಗೆ ಆ ಹಕ್ಕಿಲ್ಲವೆಂದು ಬರೆದುಕೊಡಬೇಕಿತ್ತು. 1680ರ ದಶಕದ ಕೊನೆಯವರೆಗೂ ನಡೆದ ಈ ತನಿಖೆಗಳಿಂದಾಗಿ ಸಾವಿರಾರು ಮನೆತನಗಳ ಮೂರು-ನಾಲ್ಕು ತಲೆಮಾರಿನ ವಿವರ ಉಳಿದುಕೊಂಡಿದೆ. ಕಣ್ಣೆದುರಿಗಿದ್ದ ತಂದೆ, ಅಜ್ಜ, ಮುತ್ತಜ್ಜನ ಮಟ್ಟಿಗೆ ಅವು ಬಹುಪಾಲು ನಂಬಬಹುದಾದವೇ. ಎಡವಟ್ಟಾಗುತ್ತಿದ್ದದ್ದು ಅದಕ್ಕೂ ಹಿಂದಕ್ಕೆ ಹೋದಾಗ. 1536ರಿಂದ 1540ರ ನಡುವೆ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿ ಅವುಗಳ ಭೂಮಿಯನ್ನು ವಶಪಡಿಸಿಕೊಂಡ ಮೇಲೆ ಆ ಭೂಮಿ ಮಾರಾಟಕ್ಕೆ ಬಂತು. ಹೊಸ ಹಣವಂತರು ಹಳೆಯ ಜಮೀನುಗಳ ಒಡೆಯರಾದರು. ಭೂಮಿ ಸಿಕ್ಕವರಿಗೆ ಅದಕ್ಕೆ ತಕ್ಕ ಪೂರ್ವಜರೂ ಬೇಕಾದರು. ಹೆರಾಲ್ಡರ ಆದಾಯವಾದರೋ ಬಹುಪಾಲು ಶುಲ್ಕದಿಂದ ಬರುತ್ತಿತ್ತು. ಪರೀಕ್ಷೆ ಮಾಡಬೇಕಾದವನಿಗೆ ಪರೀಕ್ಷೆಗೆ ಒಳಗಾಗುವವನೇ ಹಣ ಕೊಡುವ ಈ ಏರ್ಪಾಡಿನಲ್ಲಿ ಕಟ್ಟುಕತೆಗಳು ಹುಟ್ಟಿಕೊಂಡದ್ದಕ್ಕೆ ವ್ಯಕ್ತಿಗಳ ದುರಾಸೆಯನ್ನಷ್ಟೇ ದೂರಿ ಫಲವಿಲ್ಲ. ದೋಷ ಏರ್ಪಾಡಿನ ಬುಡದಲ್ಲೇ ಇತ್ತು.

ಸ್ಪೆನ್ಸರರ ವಂಶಾವಳಿ ಇದಕ್ಕೆ ಸ್ಪಷ್ಟ ನಿದರ್ಶನ. 1504ರಲ್ಲಿ ಈ ಮನೆತನಕ್ಕೆ ಮೊದಲ ಲಾಂಛನ ಸಿಕ್ಕಾಗ ಅದರಲ್ಲಿ ಕಡಲಹಕ್ಕಿಗಳ ತಲೆಗಳಿದ್ದವು; ಡಿಸ್ಪೆನ್ಸರರ ಸುಳಿವೂ ಇರಲಿಲ್ಲ. ತೊಂಬತ್ತು ವರ್ಷಗಳ ನಂತರ ಟ್ರೆಂಟ್ ನದಿಯ ದಕ್ಷಿಣದ ಇಂಗ್ಲೆಂಡಿಗೆಲ್ಲ ಲಾಂಛನಗಳ ಹಿರಿಯ ಅಧಿಕಾರಿಯಾಗಿದ್ದ ಕ್ಲ್ಯಾರೆನ್ಸೂ ರಿಚರ್ಡ್ ಲೀ ಹೊಸ ವಂಶಾವಳಿಯೊಂದನ್ನು ಸಿದ್ಧಪಡಿಸಿದ. ಹಳೆಯ ಪತ್ರಗಳಲ್ಲಿ ಸಿಕ್ಕ ಸ್ಪೆನ್ಸರ್, ಡಿಸ್ಪೆನ್ಸರ್ ಹೆಸರಿನವರನ್ನೆಲ್ಲ ಹೆಕ್ಕಿ, ಅವರ ನಡುವೆ ರಕ್ತಸಂಬಂಧವಿತ್ತೆಂಬುದಕ್ಕೆ ಆಧಾರವಿಲ್ಲದಿದ್ದರೂ ತಂದೆ-ಮಕ್ಕಳಾಗಿ ಸಾಲಾಗಿ ಕೂರಿಸಿದ. ಕಡಲಹಕ್ಕಿಗಳು ಮರೆಯಾದವು, ಡಿಸ್ಪೆನ್ಸರರ ಗುರಾಣಿಯೇ ಮೂರು ಕಪ್ಪೆಚಿಪ್ಪುಗಳ ವ್ಯತ್ಯಾಸದೊಂದಿಗೆ ಸ್ಪೆನ್ಸರರದಾಯಿತು. ಎರಡನೇ ಎಡ್ವರ್ಡನ ಕೃಪೆಯಲ್ಲಿ ಮೆರೆದು 1326ರಲ್ಲಿ ಮರಣದಂಡನೆಗೆ ಗುರಿಯಾದ ತಂದೆ-ಮಗ ಇಬ್ಬರು ಹ್ಯೂ ಡಿಸ್ಪೆನ್ಸರರೂ ಆ ಡಿಸ್ಪೆನ್ಸರ್ ಮನೆತನದವರೇ. ಅಂಥವರ ನಂಟನ್ನೂ ಜನ ಬಯಸಿದರೆಂದರೆ, ಆ ಕಾಲದಲ್ಲಿ ವಂಶದ ಪ್ರಾಚೀನತೆಗಿದ್ದ ಬೆಲೆ ಪೂರ್ವಜರ ಒಳ್ಳೆಯ ಹೆಸರಿಗೂ ಇರಲಿಲ್ಲ ಎಂದಾಯಿತು.

ಇಷ್ಟಕ್ಕೂ ದಾಖಲೆಗಳು ಹೇಳುವ ನಿಜವಾದ ಸ್ಪೆನ್ಸರರ ಕತೆ ಸಣ್ಣದೇನಲ್ಲ. ಅವರು ಕುರಿ, ದನ ಸಾಕಿ ಮೇಲೆ ಬಂದವರು. ಜಾನ್ ಸ್ಪೆನ್ಸರ್ 1506ರಲ್ಲಿ ವಾರಿಕ್‌ಶೈರಿನ ವರ್ಮ್‌ಲೈಟನ್ ಗ್ರಾಮವನ್ನೂ 1508ರಲ್ಲಿ ನಾರ್ಥಾಂಪ್ಟನ್‌ಶೈರಿನ ಆಲ್ಥಾರ್ಪನ್ನೂ ಕೊಂಡ. ವರ್ಮ್‌ಲೈಟನ್ನಿನಲ್ಲಿ ಹಿಂದಿನ ಒಡೆಯ ಹೊಲಗಳಿಗೆ ಬೇಲಿ ಹಾಕಿ, ಉಳುವವರನ್ನು ಎಬ್ಬಿಸಿ, ಹುಲ್ಲುಗಾವಲು ಮಾಡಿಬಿಟ್ಟಿದ್ದ. 1517ರಲ್ಲಿ ರಾಜನ ಮಂತ್ರಿ ಕಾರ್ಡಿನಲ್ ವುಲ್ಸಿ ಇಂಥ ಬೇಲಿಗಳ ಮೇಲೆ ವಿಚಾರಣೆ ಹೂಡಿದಾಗ ಜಾನ್ ಸ್ಪೆನ್ಸರ್ ಉತ್ತರ ಕೊಡಬೇಕಾಯಿತು. ಆತ ಸಲ್ಲಿಸಿದ ಮನವಿ ಈ ಮನೆತನದ ಅತ್ಯಂತ ಜೀವಂತ ದಾಖಲೆ. ತಾನು ಬರುವ ಮೊದಲೇ ಬೇಲಿ ಬಿದ್ದಿತ್ತು, ಮನೆಗಳನ್ನು ತಾನು ಮತ್ತೆ ಕಟ್ಟಿಸಿದ್ದೇನೆ, ಪಾಳುಬಿದ್ದ ಚರ್ಚನ್ನು ದುರಸ್ತಿ ಮಾಡಿಸಿ ಶಿಲುಬೆ, ಪುಸ್ತಕ, ಪೂಜಾವಸ್ತ್ರ ತಂದುಕೊಟ್ಟಿದ್ದೇನೆ, ಮರವೇ ಇಲ್ಲದ ಸೀಮೆಯಲ್ಲಿ ಮರ ಬೆಳೆಸಿದ್ದೇನೆ, ಜಾನುವಾರು ಸಾಕಣೆಯೇ ತನ್ನ ಜೀವನಾಧಾರ ಎಂದು ಆತ ವಾದಿಸುತ್ತಾನೆ. ಒಬ್ಬ ಮನುಷ್ಯನ ದುಡಿಮೆ, ಲೆಕ್ಕಾಚಾರ, ಎಬ್ಬಿಸಿದ ರೈತರ ನೆರಳು ಮೂರೂ ಈ ಮನವಿಯಲ್ಲಿವೆ. ಲೀ ಹೆಣೆದ ವಂಶಾವಳಿಯಲ್ಲಿ ಈ ಮೂರರಲ್ಲಿ ಒಂದಕ್ಕೂ ಜಾಗವಿಲ್ಲ. ಜಾನನ ವಂಶದ ರಾಬರ್ಟ್ ಸ್ಪೆನ್ಸರ್ 1603ರಲ್ಲಿ ಬ್ಯಾರನ್ ಆಗುವ ಹೊತ್ತಿಗೆ ಮನೆತನದ ಕುರಿಗಳ ಸಂಖ್ಯೆ ಹತ್ತು ಸಾವಿರ ದಾಟಿತ್ತು. 1621ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಆತ ಹಿಂದಿನವರ ಸಾಹಸಗಳನ್ನು ನೆನೆದಾಗ, ಆಗ ನಿನ್ನ ಹಿರಿಯರು ಕುರಿ ಕಾಯುತ್ತಿದ್ದರು ಎಂದು ಅರಂಡೆಲ್‌ನ ಅರ್ಲ್ ಹಂಗಿಸಿದ. ನಮ್ಮವರು ಕುರಿ ಕಾಯುತ್ತಿದ್ದಾಗ ನಿಮ್ಮವರು ರಾಜದ್ರೋಹ ಹೂಡುತ್ತಿದ್ದರು ಎಂದು ರಾಬರ್ಟ್ ಉತ್ತರಿಸಿದನೆಂದು ಪ್ರತೀತಿ. ಅರಂಡೆಲ್‌ನ ಅಜ್ಜ 1572ರಲ್ಲಿ ರಾಜದ್ರೋಹಕ್ಕಾಗಿಯೇ ತಲೆ ತೆತ್ತಿದ್ದ. ಇಲ್ಲಿ ಗಮನಿಸಬೇಕಾದದ್ದು ಎರಡು. ಲೀಯ ವಂಶಾವಳಿ ಸಿದ್ಧವಾಗಿ ಕಾಲು ಶತಮಾನ ಕಳೆದಿದ್ದರೂ ಅದು ಸಮಕಾಲೀನರನ್ನು ಒಪ್ಪಿಸಿರಲಿಲ್ಲ. ರಾಬರ್ಟನೂ ಡಿಸ್ಪೆನ್ಸರರ ಮರೆ ಹೊಗದೆ ಕುರಿಗಳನ್ನೇ ಒಪ್ಪಿಕೊಂಡು ಮಾತನಾಡಿದ.

ಸಮಕಾಲೀನರು ನಂಬದಿದ್ದದ್ದನ್ನು ಮುಂದಿನ ತಲೆಮಾರುಗಳು ನಂಬಿದವು. ಸುಳ್ಳು ವಂಶಾವಳಿಯ ಅಪಾಯವಿರುವುದು ಇಲ್ಲೇ. ಹದಿನೇಳನೇ ಶತಮಾನದ ವಿಲಿಯಂ ಡಗ್‌ಡೇಲ್ ದೊಡ್ಡ ವಿದ್ವಾಂಸ. 1675-76ರಲ್ಲಿ ಬಂದ ಆತನ ‘ಬ್ಯಾರನೇಜ್ ಆಫ್ ಇಂಗ್ಲೆಂಡ್’ ಮೂಲದಾಖಲೆಗಳ ಮೇಲೆ ಶ್ರೀಮಂತ ಮನೆತನಗಳ ಚರಿತ್ರೆ ಕಟ್ಟಿದ ಮೊದಲ ದೊಡ್ಡ ಪ್ರಯತ್ನ. ಅಂಥವನೂ ಡೆನ್‌ಬಿಯ ಅರ್ಲ್‌ಗಳಾದ ಫೀಲ್ಡಿಂಗ್ ಮನೆತನದವರು ತಂದಿಟ್ಟ ಪತ್ರಗಳನ್ನು ನಂಬಿ, ಅವರು ಆಸ್ಟ್ರಿಯದ ಹ್ಯಾಪ್ಸ್‌ಬರ್ಗ್ ವಂಶದವರೆಂದು ಬರೆದ. ಆ ಪತ್ರಗಳು ಹದಿನೇಳನೇ ಶತಮಾನದಲ್ಲೇ ಸೃಷ್ಟಿಯಾದವೆಂದು ಸಾಬೀತಾಗಲು ರೌಂಡ್ ಬರಬೇಕಾಯಿತು. ನಡುವೆ ಎಡ್ವರ್ಡ್ ಗಿಬ್ಬನ್‌ನಂಥ ಸಂದೇಹವಾದಿ ಇತಿಹಾಸಕಾರನೇ ತನ್ನ ಆತ್ಮಕತೆಯಲ್ಲಿ, ‘ಟಾಮ್ ಜೋನ್ಸ್’ ಬರೆದ ಹೆನ್ರಿ ಫೀಲ್ಡಿಂಗ್‌ನನ್ನು ಹ್ಯಾಪ್ಸ್‌ಬರ್ಗರ ಕುಡಿಯೆಂದು ಕೊಂಡಾಡಿದ. ರೋಮಿನ ಪತನಕ್ಕೆ ಸಾಲುಸಾಲು ಆಧಾರ ಕೇಳಿದವನು ಇಂಗ್ಲಿಷ್ ಮನೆತನವೊಂದರ ಮಾತನ್ನು ಹಾಗೇ ಒಪ್ಪಿಕೊಂಡ. ಡಗ್‌ಡೇಲನಿಗೆ ಪ್ರಾಮಾಣಿಕತೆಯ ಕೊರತೆ ಇರಲಿಲ್ಲ, ಗಿಬ್ಬನ್‌ಗೆ ಬುದ್ಧಿಯ ಕೊರತೆ ಇರಲಿಲ್ಲ. ಮನೆತನದ ಪೆಟ್ಟಿಗೆಯಿಂದ ಬಂದ ಪತ್ರವನ್ನು ಹೊರಗಿನ ದಾಖಲೆಯೊಂದಿಗೆ ತಾಳೆ ನೋಡುವ ಸೌಲಭ್ಯವಾಗಲೀ ರೂಢಿಯಾಗಲೀ ಆಗ ಗಟ್ಟಿಯಾಗಿರಲಿಲ್ಲ, ಅಷ್ಟೆ.

ಹತ್ತೊಂಬತ್ತನೇ ಶತಮಾನದಲ್ಲಿ ಎರಡು ಪ್ರವಾಹಗಳು ಒಟ್ಟಿಗೆ ಹರಿದವು. ಒಂದೆಡೆ 1826ರಲ್ಲಿ ಶುರುವಾದ, ಪದವಿವಂತ ಮನೆತನಗಳ ಕೈಪಿಡಿಯಾದ ಬರ್ಕ್‌ನ ‘ಪೀರೇಜ್’ ಹಳೆಯ ಕಟ್ಟುಕತೆಗಳಿಗೆ ಅಚ್ಚಿನ ಗೌರವ ಕೊಟ್ಟು ಮನೆಮನೆಗೆ ತಲುಪಿಸಿತು. ಇನ್ನೊಂದೆಡೆ 1838ರ ಕಾಯ್ದೆಯಿಂದ ಪಬ್ಲಿಕ್ ರೆಕಾರ್ಡ್ ಆಫೀಸ್ ಹುಟ್ಟಿ, ಅಲ್ಲಲ್ಲಿ ಚದುರಿಹೋಗಿದ್ದ ಸರ್ಕಾರಿ ದಾಖಲೆಗಳು ಒಂದೆಡೆ ಸೇರತೊಡಗಿದವು. ಅವುಗಳ ಸಾರಾಂಶಗಳು ಅಚ್ಚಾಗತೊಡಗಿದವು. 1869ರಲ್ಲಿ ಸ್ಥಾಪನೆಯಾದ ಹಾರ್ಲಿಯನ್ ಸೊಸೈಟಿ ಹೆರಾಲ್ಡರ ತನಿಖಾ ವರದಿಗಳನ್ನೇ ಪ್ರಕಟಿಸಲು ಹೊರಟಿತು. 1877ರಲ್ಲಿ ಇತಿಹಾಸಕಾರ ಇ.ಎ. ಫ್ರೀಮನ್ ಬರ್ಕ್‌ನ ವಂಶಾವಳಿಗಳ ಮೇಲೆ ಉಗ್ರವಾಗಿ ಹರಿಹಾಯ್ದ. 1887ರಿಂದ 1898ರವರೆಗೆ ಜಿ.ಇ. ಕೊಕೇನ್ ಎಂಟು ಸಂಪುಟಗಳಲ್ಲಿ ‘ಕಂಪ್ಲೀಟ್ ಪೀರೇಜ್’ ಹೊರತಂದ. ಪದವಿ ಹೊಂದಿದ ಪ್ರತಿಯೊಬ್ಬನ ಹುಟ್ಟು, ಮದುವೆ, ಸಾವು, ಉತ್ತರಾಧಿಕಾರ ಇಷ್ಟನ್ನೇ ಕೊಟ್ಟು, ಪುರಾತನ ಮೂಲದ ವೈಭವವನ್ನೆಲ್ಲ ಬದಿಗಿರಿಸಿದ ಕೃತಿ ಅದು. ಕೊಕೇನ್ 1894ರಿಂದ ಕ್ಲ್ಯಾರೆನ್ಸೂ ಆಗಿದ್ದ. ಮುನ್ನೂರು ವರ್ಷಗಳ ಹಿಂದೆ ರಿಚರ್ಡ್ ಲೀ ಕುಳಿತಿದ್ದ ಹುದ್ದೆಯೇ ಅದು. ಒಂದೇ ಹುದ್ದೆಯಲ್ಲಿದ್ದುಕೊಂಡು ಒಬ್ಬ ಕತೆ ಕಟ್ಟಿದ, ಇನ್ನೊಬ್ಬ ಜರಡಿ ಹಿಡಿದ. ಇಬ್ಬರ ನಡುವಿನ ಅಂತರಕ್ಕೆ ಸ್ವಭಾವಕ್ಕಿಂತ ಹೆಚ್ಚಾಗಿ ಓದುಗರು ಕಾರಣ. ಲೀ ಬರೆದದ್ದು ಒಂದು ಮನೆತನ ಮೆಚ್ಚಲೆಂದು. ಕೊಕೇನ್ ಬರೆದದ್ದು ತಪ್ಪು ಹುಡುಕಬಲ್ಲ ಅಪರಿಚಿತ ವಿದ್ವಾಂಸರ ಕೈಗೆ ಸಿಗಲೆಂದು.

ಈ ಬದಲಾವಣೆಯನ್ನು ತುದಿ ಮುಟ್ಟಿಸಿದವನು ಹೊರೇಸ್ ರೌಂಡ್. 1901ರ ‘ಸ್ಟಡೀಸ್ ಇನ್ ಪೀರೇಜ್ ಅಂಡ್ ಫ್ಯಾಮಿಲಿ ಹಿಸ್ಟರಿ’ ಕೃತಿಯಲ್ಲಿ ಸ್ಪೆನ್ಸರರ ಏಳಿಗೆಯನ್ನೂ ಫೀಲ್ಡಿಂಗರ ಹ್ಯಾಪ್ಸ್‌ಬರ್ಗ್ ಹಕ್ಕನ್ನೂ ಆತ ಕೊಂಡಿ ಕೊಂಡಿಯಾಗಿ ಬಿಚ್ಚಿ ನೋಡಿದ. ಪ್ರತಿ ಕೊಂಡಿಗೂ ಅದರದೇ ಪುರಾವೆ ಬೇಕು. ಹೆಸರು ಒಂದೇ ಎಂಬುದು ಸಂಬಂಧಕ್ಕೆ ಸಾಕ್ಷಿಯಲ್ಲ. ಘಟನೆ ನಡೆದ ಕಾಲದ ದಾಖಲೆಗೆ ಶತಮಾನಗಳ ನಂತರದ ಹೇಳಿಕೆ ಸಮನಲ್ಲ. ಇವು ಈಗ ಯಾವ ವಿದ್ಯಾರ್ಥಿಗೂ ಗೊತ್ತಿರುವ ನಿಯಮಗಳು. ರೌಂಡ್‌ನನ್ನು ಆಕ್ಷೇಪಿಸುವವರ ಮಾತಿನಲ್ಲೂ ತಿರುಳಿದೆ. ಆತ ಜಗಳಗಂಟ, ಎದುರಾಳಿಯನ್ನು ಮಾತಿನಲ್ಲೇ ತಿವಿಯುತ್ತಿದ್ದ, ತನಗಿಂತ ಮೊದಲೇ ಬರ್ಕ್‌ನನ್ನು ಟೀಕಿಸಿದ್ದ ಫ್ರೀಮನ್‌ನನ್ನೂ ಬಿಡಲಿಲ್ಲ. ಇಂಥವನ ತೀರ್ಪು ನಿಷ್ಪಕ್ಷಪಾತವೆಂದು ನಂಬುವುದು ಹೇಗೆ? ನಂಬಬೇಕಾದ ಅಗತ್ಯವೇ ಇಲ್ಲ ಎಂಬುದೇ ಇದಕ್ಕೆ ಉತ್ತರ. ಲೀಯ ವಂಶಾವಳಿಯನ್ನು ಒಪ್ಪಬೇಕಾದರೆ ಲೀಯನ್ನು ನಂಬಬೇಕಿತ್ತು. ರೌಂಡ್‌ನ ವಾದವನ್ನು ಒಪ್ಪಲು ಆತ ಹೆಸರಿಸಿದ ದಾಖಲೆಯನ್ನು ತೆರೆದು ನೋಡಿದರೆ ಸಾಕು. ಆತನ ಕೋಪ ಆತನೊಂದಿಗೇ ಹೋಯಿತು, ವಿಧಾನ ಉಳಿಯಿತು. ‘ಕಂಪ್ಲೀಟ್ ಪೀರೇಜ್’ನ ಎರಡನೇ ಆವೃತ್ತಿ 1910ರಿಂದ 1959ರವರೆಗೆ ಹೊರಬಂದು, 1998ರಲ್ಲಿ ತಿದ್ದುಪಡಿಗಳಿಗೆಂದೇ ಇನ್ನೊಂದು ಸಂಪುಟ ಪ್ರಕಟವಾದದ್ದು ಈ ವಿಧಾನದ ಆರೋಗ್ಯದ ಲಕ್ಷಣ.

ಇಪ್ಪತ್ತನೇ ಶತಮಾನದ ನಡುಭಾಗದಲ್ಲಿ ಪ್ರಶ್ನೆಯೇ ಬದಲಾಯಿತು. ಯಾರು ಯಾರ ಮಗ ಎಂಬುದು ಗಟ್ಟಿಯಾದ ಮೇಲೆ, ಆ ಮಾಹಿತಿಯಿಂದ ಸಮಾಜದ ಬಗ್ಗೆ ಏನು ತಿಳಿಯುತ್ತದೆ ಎಂದು ಇತಿಹಾಸಕಾರರು ಕೇಳತೊಡಗಿದರು. 1956ರಲ್ಲಿ ಮೇರಿ ಫಿಂಚ್ ನಾರ್ಥಾಂಪ್ಟನ್‌ಶೈರಿನ ಐದು ಮನೆತನಗಳ ಸಂಪತ್ತನ್ನು ಅಧ್ಯಯನ ಮಾಡಿದಾಗ ಸ್ಪೆನ್ಸರರ ಕುರಿಮಂದೆಗಳ ಲೆಕ್ಕಪತ್ರಗಳೂ ಆಕರವಾದವು. 1960ರಲ್ಲಿ ಆಂಟನಿ ವ್ಯಾಗ್ನರ್ ‘ಇಂಗ್ಲಿಷ್ ಜೀನಿಯಾಲಜಿ’ಯಲ್ಲಿ ವರ್ಗದಿಂದ ವರ್ಗಕ್ಕೆ ಏರಿಳಿಯುವ ಕುಟುಂಬಗಳ ಕತೆಯಾಗಿ ಇಡೀ ವಿಷಯವನ್ನು ನೋಡಿದ. ಮಧ್ಯಯುಗದ ಕೊನೆಯ ಎರಡು ಶತಮಾನಗಳಲ್ಲಿ ಪ್ರತಿ ಇಪ್ಪತ್ತೈದು ವರ್ಷಕ್ಕೊಮ್ಮೆ ಸರಿಸುಮಾರು ಕಾಲುಭಾಗದಷ್ಟು ಶ್ರೀಮಂತ ಮನೆತನಗಳ ಪುರುಷ ಸಂತತಿ ಅಳಿದುಹೋಗುತ್ತಿತ್ತೆಂದು ಕೆ.ಬಿ. ಮೆಕ್‌ಫಾರ್ಲೇನ್ ಲೆಕ್ಕಹಾಕಿದ. ಅನಾದಿಯಿಂದ ಮುರಿಯದೆ ಬಂದ ಕುಲೀನತೆ ಎಂಬ ಭಾವನೆಯನ್ನು ಇಷ್ಟು ಬಲವಾಗಿ ಅಲುಗಿಸಿದ ಲೆಕ್ಕ ಇನ್ನೊಂದಿಲ್ಲ. ಹಳೆಯ ಮನೆತನಗಳು ಅಳಿಯುತ್ತಿದ್ದುದರಿಂದಲೇ ಸ್ಪೆನ್ಸರರಂಥವರಿಗೆ ಜಾಗ ತೆರೆಯುತ್ತಿತ್ತು.

ಹೆಣ್ಣುಸಂತತಿಯ ವಿಷಯದಲ್ಲಿ ಈ ಕ್ಷೇತ್ರ ಬಹುಕಾಲ ಕುರುಡಾಗಿತ್ತು. ಪದವಿ ಗಂಡುಮಕ್ಕಳಿಗೆ ಹೋಗುತ್ತಿದ್ದುದರಿಂದ ವಂಶವೃಕ್ಷವೂ ಅತ್ತಲೇ ಬಾಗಿತ್ತು. ಆದರೆ 1733ರಲ್ಲಿ ಸ್ಪೆನ್ಸರರ ಹಿರಿಯ ಶಾಖೆಗೆ ಮಾರ್ಲ್‌ಬರೋ ಡ್ಯೂಕ್ ಪದವಿ ಬಂದದ್ದೇ ಆ್ಯನ್ ಚರ್ಚಿಲ್ ಎಂಬ ಹೆಣ್ಣುಮಗಳ ಮೂಲಕ. ವಿನ್‌ಸ್ಟನ್ ಚರ್ಚಿಲ್ ಹುಟ್ಟಿದ್ದು ಆ ಶಾಖೆಯಲ್ಲಿ. ಆಲ್ಥಾರ್ಪ್ ಕಿರಿಯ ಶಾಖೆಗೆ ಉಳಿಯಿತು, ಡಯಾನಾ ಅದರ ಕುಡಿ. ಡಯಾನಾಳ ತಾಯಿಯ, ತಾಯಿಯ ತಾಯಿಯ ಜಾಡು ಹಿಡಿದು ಹೋದರೆ ಹತ್ತೊಂಬತ್ತನೇ ಶತಮಾನದ ಆರಂಭದ ಸೂರತ್ ಸಿಗುತ್ತದೆ. ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಥಿಯೊಡೋರ್ ಫೋರ್ಬ್ಸ್‌ನೊಂದಿಗೆ ಬಾಳಿದವಳು ಎಲೈಜಾ ಕೆವಾರ್ಕ್. ಮಗಳು ಕ್ಯಾಥರೀನ್‌ಳನ್ನು ಎಳೆಯ ವಯಸ್ಸಿನಲ್ಲೇ ಸ್ಕಾಟ್‌ಲೆಂಡಿಗೆ ಕಳಿಸಲಾಯಿತು. ಎಲೈಜಾ ಆರ್ಮೇನಿಯದವಳೆಂದು ಮನೆತನ ಹೇಳಿಕೊಂಡು ಬಂದಿತ್ತು. 2013ರಲ್ಲಿ ಖಾಸಗಿ ಸಂಸ್ಥೆಯೊಂದು ಈ ಸಂತತಿಯವರ ಡಿಎನ್‌ಎ ಪರೀಕ್ಷಿಸಿ, ಆಕೆಯ ತಾಯಿಯ ಕಡೆಯ ಮೂಲ ದಕ್ಷಿಣ ಏಷ್ಯಾದ್ದು ಎಂದು ಪ್ರಕಟಿಸಿತು. ಫಲಿತಾಂಶ ವಿದ್ವತ್ ಪತ್ರಿಕೆಯ ಬದಲು ದಿನಪತ್ರಿಕೆಗಳಲ್ಲಿ ಬಂದದ್ದನ್ನು ಟೀಕಿಸಿದವರ ಮಾತು ಸರಿಯಾದದ್ದೇ. ಪುರಾವೆ ಎಲ್ಲರ ಪರೀಕ್ಷೆಗೂ ತೆರೆದಿರಬೇಕೆಂಬ ನಿಯಮ ಪ್ರಯೋಗಾಲಯಕ್ಕೂ ಅನ್ವಯಿಸಬೇಕು.

ಡಿಎನ್‌ಎ ಬಂದ ಮೇಲೆ ಹಳೆಯ ಕಾಗದಪತ್ರಗಳ ಕೆಲಸ ಮುಗಿಯಿತೆನ್ನುವವರಿದ್ದಾರೆ. 2012ರಲ್ಲಿ ಲೆಸ್ಟರಿನ ಕಾರ್ ಪಾರ್ಕಿನ ಅಡಿಯಲ್ಲಿ ಸಿಕ್ಕ ಮೂರನೇ ರಿಚರ್ಡನ ಅಸ್ಥಿಪಂಜರ ಅದಕ್ಕೆ ವಿರುದ್ಧವಾದ ಪಾಠ ಹೇಳುತ್ತದೆ. ಅಕ್ಕ ಆ್ಯನ್‌ಳ ಹೆಣ್ಣುಸಂತತಿಯಲ್ಲಿ ಬಂದವರೊಂದಿಗೆ ರಾಜನ ಡಿಎನ್‌ಎ ಹೊಂದಿತು. ಕಾಗದದ ಪ್ರಕಾರ ರಿಚರ್ಡನದೇ ಗಂಡುಕುಲದವನಾದ ಬೋಫರ್ಟ್‌ನ ಐದನೇ ಡ್ಯೂಕ್ ಹೆನ್ರಿ ಸಾಮರ್‌ಸೆಟ್‌ನ ಗಂಡುಸಂತತಿಯ ಐವರೊಂದಿಗೆ ಹೊಂದಲಿಲ್ಲ. ಆ ಐವರಲ್ಲೂ ಒಬ್ಬನದು ಉಳಿದ ನಾಲ್ವರಿಗಿಂತ ಬೇರೆಯಾಗಿತ್ತು. ಅಂದರೆ ಕಾಗದದ ಮೇಲೆ ಮುರಿಯದ ಸರಪಳಿಯಲ್ಲಿ ಕನಿಷ್ಠ ಎರಡು ಕಡೆ ತಂದೆತನ ತಪ್ಪಿದೆ. ಎಲ್ಲಿ ಎಂಬುದನ್ನು ಡಿಎನ್‌ಎ ಹೇಳಲಿಲ್ಲ. ಯಾರನ್ನು ಪರೀಕ್ಷಿಸಬೇಕು ಎಂದು ಹೇಳಿದ್ದಂತೂ ಕಾಗದದ ವಂಶಾವಳಿಯೇ. 2014ರಲ್ಲಿ ಪ್ರಕಟವಾದ ಈ ಅಧ್ಯಯನ ತೋರಿಸಿದಂತೆ ಎರಡೂ ಬಗೆಯ ಪುರಾವೆಗಳು ಒಂದನ್ನೊಂದು ಪರೀಕ್ಷಿಸುವ ಸಾಕ್ಷಿಗಳು. 2016ರಲ್ಲಿ ಸ್ಕಾಟ್‌ಲೆಂಡಿನ ಪ್ರಿಂಗಲ್ ಬ್ಯಾರೊನೆಟ್ ಪದವಿಯ ವ್ಯಾಜ್ಯದಲ್ಲಿ ಪ್ರಿವಿ ಕೌನ್ಸಿಲ್ ಡಿಎನ್‌ಎ ಸಾಕ್ಷ್ಯವನ್ನು ಒಪ್ಪಿ ತೀರ್ಪು ಕೊಟ್ಟಿತು. ವಂಶಾವಳಿಯ ಸತ್ಯಾಸತ್ಯತೆ ಬರೀ ಪ್ರತಿಷ್ಠೆಯ ಪ್ರಶ್ನೆ ಎನ್ನುವವರಿಗೂ ಇದು ಉತ್ತರ: ಹಕ್ಕು, ಪದವಿ, ಆಸ್ತಿ ಇದರ ಮೇಲೆ ನಿಂತಿವೆ.

ಕೊನೆಯದಾಗಿ ಒಂದು ಗಂಭೀರ ಆಕ್ಷೇಪವಿದೆ. ಬೆರಳೆಣಿಕೆಯ ಶ್ರೀಮಂತರ ಪೂರ್ವಜರ ಪಟ್ಟಿಗೆ ಇಷ್ಟು ವಿದ್ವತ್ತು ವ್ಯಯವಾಗಬೇಕೆ? ಶ್ರೀಮಂತರ ದಾಖಲೆಗಳೇ ಹೆಚ್ಚು ಉಳಿದಿದ್ದರಿಂದ ವಿಧಾನ ಅಲ್ಲಿ ಹದಗೊಂಡಿತು ಎಂಬುದು ನಿಜ. ಆದರೆ ಅದೇ ವಿಧಾನ ಇಂದು 1538ರಿಂದ ನಡೆದುಬಂದ ಪ್ಯಾರಿಷ್ ದಾಖಲಾತಿ ಪುಸ್ತಕಗಳಲ್ಲಿ ಕೂಲಿಕಾರರ, ನೇಕಾರರ ಕುಟುಂಬಗಳನ್ನು ಹುಡುಕಿಕೊಡುತ್ತಿದೆ. ಅದಕ್ಕಿಂತ ಮುಖ್ಯವಾಗಿ, ಸುಳ್ಳು ವಂಶಾವಳಿ ಮರೆಮಾಚುವುದು ಶ್ರೀಮಂತರನ್ನಷ್ಟೇ ಅಲ್ಲ. ಡಿಸ್ಪೆನ್ಸರರ ಕತೆ ಗಟ್ಟಿಯಾಗಿ ನಿಂತಷ್ಟು ಕಾಲ ವರ್ಮ್‌ಲೈಟನ್ನಿನಿಂದ ಎಬ್ಬಿಸಲ್ಪಟ್ಟ ರೈತರು, ಮಂದೆ ಕಾಯ್ದ ಕುರುಬರು, ಸೂರತ್ತಿನ ಎಲೈಜಾ ಇವರಾರೂ ಆ ಮನೆತನದ ಚರಿತ್ರೆಯ ಭಾಗವಾಗಿರಲಿಲ್ಲ. ವಂಶಾವಳಿಯನ್ನು ಪುರಾವೆಗೆ ಒಡ್ಡಿದಾಗ ಸ್ಪೆನ್ಸರರು ಕಳೆದುಕೊಂಡದ್ದು ಎರವಲು ತಂದ ಪೂರ್ವಜರನ್ನು ಮಾತ್ರ. ಚರಿತ್ರೆಗೆ ಸಿಕ್ಕಿದ್ದು ಒಂದು ಸಮಾಜ ಹೇಗೆ ಭೂಮಿ, ಉಣ್ಣೆ, ಮದುವೆ, ಸಾಮ್ರಾಜ್ಯಗಳ ಮೂಲಕ ತನ್ನ ಯಜಮಾನರನ್ನು ರೂಪಿಸಿಕೊಂಡಿತು ಎಂಬ ತಿಳಿವಳಿಕೆ. ಆದ್ದರಿಂದ ಯಾವ ಮನೆತನದ್ದೇ ಆಗಲಿ, ವಂಶಾವಳಿಯೊಂದನ್ನು ಕೈಗೆತ್ತಿಕೊಂಡಾಗ ಅದು ಎಷ್ಟು ಹಿಂದಕ್ಕೆ ಹೋಗುತ್ತದೆ ಎಂದು ನೋಡುವ ಮೊದಲು, ಅದನ್ನು ಬರೆಸಿದವರು ಯಾರು, ಪರೀಕ್ಷಿಸಿದವರು ಯಾರು ಎಂದು ಕೇಳಬೇಕು.