ತುಳುನಾಡಿನಲ್ಲಿ ವ್ಯಾಯಾಮವೂ ದುಡಿಮೆಯೂ

ಕನ್ನಡದಲ್ಲಿ ಗರಡಿಯೆಂದರೆ ಸಾಮು ಮಾಡುವ ಮನೆ. ಉಡುಪಿ, ಕಾಪು, ಕಾರ್ಕಳಗಳ ಸೀಮೆಯಲ್ಲಾದರೋ ಆ ಶಬ್ದವನ್ನು ಕೇಳಿದೊಡನೆ ಜನರ ನೆನಪಿಗೆ ಬರುವುದು ಕೋಟಿ-ಚೆನ್ನಯರ ಗುಡಿ. ಬೈದೆರ್ಕಳೆಂದು ಪೂಜಿತರಾದ ಈ ಅವಳಿವೀರರು ಪಾಡ್ದನಗಳಲ್ಲಿ ಮೈಬಲಕ್ಕೂ ಶಸ್ತ್ರವಿದ್ಯೆಗೂ ಹೆಸರಾದವರು. ಅವರ ಗರಡಿಗಳಲ್ಲಿ ಈಗ ದೀಪವಿದೆ, ನೇಮವಿದೆ. ನಿತ್ಯದ ಸಾಮು ಮಾತ್ರ ಬಹುಮಟ್ಟಿಗೆ ಹಿಂದೆ ಸರಿದಿದೆ. ಅಂಗಸಾಧನೆಯ ಸ್ಥಾನವು ಆರಾಧನೆಯ ಸ್ಥಾನವಾಗಿ ನಿಂತಿತು.

ದೇಹಬಲವನ್ನು ಈ ನಾಡಿನ ಪಂಡಿತರು ಹೀನವೆಂದು ಭಾವಿಸಿದವರಲ್ಲ. ಉಡುಪಿಯ ಸಮೀಪದ ಪಾಜಕದಲ್ಲಿ ಹದಿಮೂರನೆಯ ಶತಮಾನದಲ್ಲಿ ಜನಿಸಿದ ಶ್ರೀ ಮಧ್ವಾಚಾರ್ಯರ ಚರಿತ್ರೆಯನ್ನು ನಾರಾಯಣ ಪಂಡಿತಾಚಾರ್ಯರು ‘ಸುಮಧ್ವವಿಜಯ’ದಲ್ಲಿ ಬರೆಯುವಾಗ, ಬಾಲಕನು ಓಟ, ನೆಗೆತ, ಈಜು, ಕುಸ್ತಿಗಳಲ್ಲಿ ಜೊತೆಗಾರರನ್ನು ಮೀರಿಸಿದನೆಂಬುದನ್ನು ಬಿಡದೆ ಹೇಳಿರುವರು. ಕಾವ್ಯದಲ್ಲಿ ಅತಿಶಯೋಕ್ತಿಯುಂಟೆಂದು ಎಣಿಸಿದರೂ, ಮಠದ ಕವಿಯೊಬ್ಬನು ತನ್ನ ಆಚಾರ್ಯರ ಗುಣಗಳ ಸಾಲಿನಲ್ಲಿ ಕುಸ್ತಿಯನ್ನೂ ಸೇರಿಸಿದನೆಂಬುದು ಅಲ್ಪ ವಿಷಯವಲ್ಲ.

ವೈದ್ಯಶಾಸ್ತ್ರದ ಮತವೂ ಹಾಗೆಯೇ. ಮೈ ಹಗುರಾಗುವುದು, ಕೆಲಸದ ಸಾಮರ್ಥ್ಯ, ಜಠರಾಗ್ನಿಯ ದೀಪ್ತಿ ಇವು ವ್ಯಾಯಾಮದ ಫಲವೆಂದು ಚರಕನು ಹೇಳುವನು. ಸುಶ್ರುತನು ಅದಕ್ಕೆ ಅಳತೆಯನ್ನೂ ಕೊಟ್ಟಿರುವನು: ತನ್ನ ಬಲದ ಅರ್ಧದಷ್ಟನ್ನೇ ವ್ಯಯಿಸಬೇಕು, ಉಸಿರು ಬಾಯಿಗೆ ಬರುತ್ತಲೇ ನಿಲ್ಲಿಸಬೇಕು. ವಾಗ್ಭಟನು ಮತ್ತೊಂದು ನಿಯಮವನ್ನು ಕೂಡಿಸುವನು. ಅರ್ಧಬಲದ ವ್ಯಾಯಾಮವು ಬಲಿಷ್ಠರಿಗೆ, ಅದರಲ್ಲಿಯೂ ಜಿಡ್ಡುಳ್ಳ ಆಹಾರವನ್ನು ಉಣ್ಣುವವರಿಗೆ. ಅದೂ ಚಳಿಗಾಲ ವಸಂತಕಾಲಗಳಲ್ಲಿ. ಮಿಕ್ಕ ಕಾಲಗಳಲ್ಲಿ ಅದಕ್ಕಿಂತ ಕಡಿಮೆ ಸಾಕು.

ಈ ನಿಯಮವನ್ನು ಮರೆತವರೇ ‘ಹಿಂದಿನವರು ದುಡಿಯುತ್ತಿದ್ದರು, ಆದುದರಿಂದ ಗಟ್ಟಿಯಾಗಿದ್ದರು’ ಎಂದು ಸುಲಭವಾಗಿ ಹೇಳಿಬಿಡುವರು. ದುಡಿಮೆಯೇನೋ ಇತ್ತು. 1901ರಲ್ಲಿ ದೀಪಸ್ತಂಭವೆದ್ದ ಕಾಪುವಿನ ಕಡಲಕರೆಯಲ್ಲಿಯೂ ಮಲ್ಪೆಯಲ್ಲಿಯೂ ರಂಪಣಿ ಬಲೆಯ ಎರಡು ತುದಿಗಳನ್ನು ಹತ್ತಾರು ಮಂದಿ ಹಿಡಿದು, ಮರಳಿನಲ್ಲಿ ಕಾಲೂರಿ, ಗಂಟೆಗಟ್ಟಲೆ ಎಳೆಯುತ್ತಿದ್ದರು. ಗದ್ದೆಗೆ ಏತದಿಂದ ನೀರೆತ್ತುವುದು, ಒನಕೆಯಿಂದ ಭತ್ತ ಕುಟ್ಟುವುದು, ಘಟ್ಟದ ದಾರಿಯಲ್ಲಿ ಹೊರೆ ಹೊರುವುದು ಇವೆಲ್ಲ ಶರೀರಾಯಾಸವೇ ಸರಿ. ಆದರೆ ಅರೆಹೊಟ್ಟೆಯಲ್ಲಿ, ವಿಶ್ರಾಂತಿಯಿಲ್ಲದೆ, ಮೈಯ ಬಲವೆಲ್ಲ ತೀರುವವರೆಗೆ ಮಾಡಿದ ದುಡಿಮೆಯನ್ನು ಶಾಸ್ತ್ರವು ವ್ಯಾಯಾಮವೆಂದು ಕರೆಯದು. ಅದು ಅತಿವ್ಯಾಯಾಮ, ಅದರಿಂದ ಕ್ಷಯ, ಕೆಮ್ಮು, ಜ್ವರಗಳೆಂದು ಅದೇ ಗ್ರಂಥಗಳಲ್ಲಿದೆ. ಎಳೆದವನ ಆಯುಸ್ಸನ್ನು ರಂಪಣಿಯು ಹೆಚ್ಚಿಸಿತೆಂದು ಹೇಳಲು ಧೈರ್ಯ ಬೇಕು!

1970ರ ದಶಕದಲ್ಲಿ ಪರ್ಸೀನ್ ಬಲೆಯ ಯಂತ್ರದೋಣಿಗಳು ಬಂದು ರಂಪಣಿಯು ಹಿಂದಾಯಿತು. ಅಕ್ಕಿಯ ಗಿರಣಿಗಳು ಒನಕೆಯನ್ನು ಅದಕ್ಕೂ ಮೊದಲೇ ಮೂಲೆಗೆ ಸೇರಿಸಿದ್ದವು. ಇತ್ತ ಕುಳಿತು ಮಾಡುವ ವೃತ್ತಿಗೂ ಉಡುಪಿಯು ತೌರಾಯಿತು. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆ ಇಲ್ಲಿಯೇ ಹುಟ್ಟಿದವು. ಇವೆರಡೂ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಲೀನವಾದುವು. ನೇಗಿಲು ಹಿಡಿದವರ ಮಕ್ಕಳು ಲೆಕ್ಕದ ಪುಸ್ತಕ ಹಿಡಿದರು. ಹಸಿವು ನೀಗಿತು, ಮೈ ಮಾತ್ರ ಕದಲದಾಯಿತು. ವಾಗ್ಭಟನು ಬಯಸಿದ ಪುಷ್ಟಿಯ ಆಹಾರವು ದೊರೆತ ಕಾಲಕ್ಕೇ ಅದನ್ನು ಅರಗಿಸುವ ಚಲನೆ ತಪ್ಪಿತೆಂಬುದು ವಿಚಿತ್ರ.

ಕುಳಿತಿರುವುದರ ಫಲವನ್ನು ಲಂಡನ್ನಿನಲ್ಲಿ ಜೆರಿ ಮೋರಿಸ್ ಎಂಬ ವೈದ್ಯನು ಬಸ್ಸಿನವರಲ್ಲಿ ಪರೀಕ್ಷಿಸಿದನು. ಎರಡು ಅಂತಸ್ತಿನ ಬಸ್ಸಿನಲ್ಲಿ ಚಾಲಕನು ದಿನವಿಡೀ ಕುಳಿತಿರುವನು. ನಿರ್ವಾಹಕನು ಮೆಟ್ಟಲನ್ನು ಹತ್ತಿ ಇಳಿಯುವನು. 1953ರಲ್ಲಿ ಪ್ರಕಟವಾದ ಆ ಶೋಧನೆಯಂತೆ ನಿರ್ವಾಹಕರಲ್ಲಿ ಹೃದ್ರೋಗವು ಚಾಲಕರಲ್ಲಿದ್ದುದಕ್ಕಿಂತ ಕಡಿಮೆಯಾಗಿತ್ತು. ಚಾಲಕರು ಕೆಲಸಕ್ಕೆ ಸೇರುವಾಗಲೇ ಹೆಚ್ಚು ಸ್ಥೂಲರಾಗಿದ್ದರೇ ಎಂಬ ಸಂಶಯವನ್ನು ಆತನೇ ಎತ್ತಿ, ಸಮವಸ್ತ್ರಗಳ ಅಳತೆಯನ್ನು ನೋಡಿಸಿ, ಅದು ಭಾಗಶಃ ನಿಜವೆಂದು ಕಂಡುಕೊಂಡನು. ಹಾಗಿದ್ದರೂ ಮುಂದಿನ ದಶಕಗಳ ಅನೇಕ ಶೋಧನೆಗಳು ಮೂಲತತ್ತ್ವವನ್ನು ಸ್ಥಿರಪಡಿಸಿದುವು. ಮೋರಿಸನು ವ್ಯಾಯಾಮವನ್ನು ಬಿಡದೆ 2009ರಲ್ಲಿ ತನ್ನ 99ನೆಯ ವಯಸ್ಸಿನಲ್ಲಿ ಕಾಲವಾದನು. ಒಬ್ಬನ ಆಯುಸ್ಸು ಪ್ರಮಾಣವಾಗದು, ಆದರೆ ಕೇಳಲು ಹಿತವಾಗಿದೆ.

ಅದೇ 1953ರಲ್ಲಿಯೇ ಡಾ. ಟಿ. ಎಂ. ಎ. ಪೈಗಳು ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಇಂದಿನ ವೈದ್ಯರು ಹೇಳುವ ಅಳತೆಯು ಸುಶ್ರುತನದಕ್ಕೆ ದೂರವಲ್ಲ: ಮಾತನಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ವೇಗದ ನಡಿಗೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಇಂತಹ ಮಿತಶ್ರಮವನ್ನು ವಿಧಿಸಿತು. ಅದಕ್ಕಿಂತ ಕಡಿಮೆಯಾದರೂ ಏನೂ ಇಲ್ಲದುದಕ್ಕಿಂತ ಮೇಲೆಂದಿತು.

ನಡೆಯಲು ಸ್ಥಳಕ್ಕೆ ಕೊರತೆಯಿಲ್ಲ. ರಂಪಣಿಯನ್ನೆಳೆದ ಕಾಪುವಿನ ಮರಳಿದೆ. ಸ್ವರ್ಣಾನದಿಯನ್ನು ನೋಡುವ ಮಣಿಪಾಲದ ಗುಡ್ಡದ ಅಂಚಿದೆ. 1432ರಲ್ಲಿ ವೀರಪಾಂಡ್ಯನು ಗೊಮ್ಮಟನನ್ನು ನಿಲ್ಲಿಸಿದ ಕಾರ್ಕಳದ ಬಂಡೆಯ ಮೆಟ್ಟಲುಗಳಿವೆ. ತೊಡಕೆಲ್ಲ ಮಳೆಗಾಲದ್ದು. ಆಟಿಯ ಮಳೆಯಲ್ಲಿ ನಿಂತ ನಡಿಗೆಯು ಅನೇಕರಲ್ಲಿ ದಸರೆಯವರೆಗೂ ಮರಳುವುದಿಲ್ಲ. ಆ ತಿಂಗಳುಗಳಿಗೆ ಮನೆಯ ಚಾವಡಿಯಲ್ಲಿ ಸೂರ್ಯನಮಸ್ಕಾರಗಳು ಸಾಕು. ಊರಿನ ಹುಡುಗರಿಗಾದರೆ ಗರಡಿಯ ಆವರಣದಲ್ಲಿಯೇ ಒಂದು ಚಪ್ಪರವನ್ನು ಬಿಟ್ಟುಕೊಡಬಹುದು. ಹಳೆಯ ಗರಡಿಗೆ ಮಾಡು ಹೊದಿಸಿದ್ದುದು ಮಳೆಗಾಲವನ್ನು ಬಲ್ಲವರೇ.