ಗಂಗಾಮೂಲದ ಮಗಳು ಹೀಬ್ರೂ ಕಲಿತಳು

ಪುಣೆಯಿಂದ ಸೊಲ್ಲಾಪುರದ ಹಾದಿಯಲ್ಲಿ ಊರಿಗೆ ಹೋಗುವಾಗ ದೌಂಡ್‌ಗಿಂತ ಮೊದಲು ಕೇಡಗಾಂವ್ ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಗಮನಿಸಿರಲಿಕ್ಕಿಲ್ಲ. ನೂರು ವರ್ಷಗಳ ಹಿಂದೆ ಆ ಊರಿನಲ್ಲಿ ಒಬ್ಬ ಮಹಿಳೆ ಹೀಬ್ರೂ ಮತ್ತು ಗ್ರೀಕ್ ಮೂಲಗಳನ್ನು ಮುಂದಿಟ್ಟುಕೊಂಡು ಇಡೀ ಬೈಬಲನ್ನು ಮರಾಠಿಗೆ ತಂದರು. ಅವರು ಪಂಡಿತಾ ರಮಾಬಾಯಿ. ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ.

ಇಂದು ಬೈಬಲಿನ ಹೀಬ್ರೂ, ಗ್ರೀಕ್, ಅರಮೇಯಿಕ್ ಭಾಷೆಗಳನ್ನು ಮನೆಯಲ್ಲೇ ಕುಳಿತು ಆನ್‌ಲೈನ್‌ನಲ್ಲಿ ಕಲಿಯಬಹುದು. ವಯಸ್ಸು, ಜಾತಿ, ಮತ ಯಾವುದನ್ನೂ ಕೇಳದ ಪಾಠಗಳು ಹಲವಿವೆ. ಈ ಅನುಕೂಲದ ಬೆಲೆ ತಿಳಿಯಬೇಕಾದರೆ ರಮಾಬಾಯಿಯವರ ಕಥೆಯನ್ನು ಅವರ ತಾಯಿಯಿಂದಲೇ ಆರಂಭಿಸಬೇಕು.

ತಂದೆ ಅನಂತಶಾಸ್ತ್ರಿ ಡೋಂಗ್ರೆ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಹೆಣ್ಣಿಗೆ ದೇವಭಾಷೆ ಏಕೆ ಎಂದು ಆಕ್ಷೇಪ ಎದ್ದಿತು. ಉಡುಪಿಯಲ್ಲಿ ಸೇರಿದ ಪಂಡಿತರ ಸಭೆಯ ಮುಂದೆ ಶಾಸ್ತ್ರಿಗಳು ಗ್ರಂಥಗಳ ಆಧಾರ ಕೊಟ್ಟು ತಮ್ಮ ನಡೆಯನ್ನು ಸಮರ್ಥಿಸಿಕೊಂಡರೆಂದು ರಮಾಬಾಯಿ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಹಾಗೆ ಕಲಿತ ತಾಯಿಯೇ ಮಗಳಿಗೆ ಗುರುವಾದರು. ತೀರ್ಥಯಾತ್ರೆಯ ಅಲೆದಾಟದಲ್ಲೇ ಪಾಠ ನಡೆಯಿತು. ಬರಗಾಲದಲ್ಲಿ ತಂದೆತಾಯಿ ತೀರಿಕೊಂಡರು. ಅಣ್ಣನೊಂದಿಗೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿದ ರಮಾಬಾಯಿಗೆ 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಕೊಟ್ಟರು.

ಮದುವೆಯಾದ ಎರಡೇ ವರ್ಷಕ್ಕೆ ವೈಧವ್ಯ ಬಂತು. ಮಡಿಲಲ್ಲಿ ಪುಟ್ಟ ಮಗಳು. 1883ರಲ್ಲಿ ವೈದ್ಯಕೀಯ ಓದುವ ಆಸೆಯಿಂದ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದುದರಿಂದ ಆ ಆಸೆ ಬಿಡಬೇಕಾಯಿತು. ಅಲ್ಲಿಯೇ ಕ್ರೈಸ್ತ ಧರ್ಮ ಸ್ವೀಕರಿಸಿದರು. ಇದರಿಂದ ಊರಿನಲ್ಲಿ ಬಹಳ ಮಂದಿ ನೊಂದರು, ಕೋಪಗೊಂಡರು. ಆ ನಿರ್ಧಾರದ ಬಗ್ಗೆ ನಮ್ಮಲ್ಲೂ ಬೇರೆ ಬೇರೆ ಅಭಿಪ್ರಾಯ ಇರಬಹುದು. ಆದರೆ ಹೊಸ ಧರ್ಮದಲ್ಲೂ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಲಿಲ್ಲ ಎಂಬುದು ಮುಖ್ಯ. ಶಿಲುಬೆಯ ಮೇಲೆ ಲ್ಯಾಟಿನ್ ಬರಹ ಏಕೆ, ಸಂಸ್ಕೃತ ಏಕಿರಬಾರದು ಎಂದು ತಮ್ಮ ಗುರುಸ್ಥಾನದಲ್ಲಿದ್ದ ಕ್ರೈಸ್ತ ಸಂನ್ಯಾಸಿನಿಯೊಂದಿಗೆ ಪತ್ರದಲ್ಲೇ ವಾದಿಸಿದರು. ಬ್ರಾಹ್ಮಣರಿಗೆ ಸಂಸ್ಕೃತ ಹೇಗೋ ನಿಮಗೆ ಲ್ಯಾಟಿನ್ ಹಾಗೆಯೇ ಪವಿತ್ರವೇ ಎಂಬುದು ಅವರ ಪ್ರಶ್ನೆಯ ತಿರುಳು.

ಈ ಪ್ರಶ್ನೆಯೇ ಅವರನ್ನು ಮೂಲಭಾಷೆಗಳ ಬಳಿಗೆ ಒಯ್ದಿತೆಂದು ನನಗೆ ಅನಿಸುತ್ತದೆ. ಸಂಸ್ಕೃತ ಬಲ್ಲವರಿಗೆ ಗ್ರೀಕ್ ದೂರದ ನೆಂಟ. ನಮ್ಮ ‘ಪಿತೃ’ ಅಲ್ಲಿ ‘ಪಾತೇರ್’, ‘ಅಸ್ತಿ’ ಅಲ್ಲಿ ‘ಎಸ್ತಿ’. ಹೀಬ್ರೂ ಹಾಗಲ್ಲ. 22 ಅಕ್ಷರ, ಬಲದಿಂದ ಎಡಕ್ಕೆ ಬರಹ, ಎಲ್ಲವೂ ವ್ಯಂಜನ. ಸ್ವರ ತೋರಿಸುವ ಚುಕ್ಕೆ, ಗೆರೆಗಳನ್ನು ಎಷ್ಟೋ ಶತಮಾನಗಳ ನಂತರ ವಿದ್ವಾಂಸರು ಸೇರಿಸಿದರು. ಕಾಗುಣಿತವೇ ಇಲ್ಲದ ಕನ್ನಡವನ್ನು ಓದುವುದನ್ನು ಊಹಿಸಿಕೊಳ್ಳಿ! ಆದರೂ ಅದು ಪೂರ್ತಿ ಅಪರಿಚಿತವಲ್ಲ. ಮೂರು ವ್ಯಂಜನಗಳ ಧಾತುವಿನಿಂದ ಪದ ಕಟ್ಟುವ ಈ ಭಾಷೆ ಅರಬ್ಬಿಯ ಬಂಧು. ಹೀಬ್ರೂವಿನ ‘ಮೆಲೆಕ್’ ಎಂದರೆ ರಾಜ. ಅರಬ್ಬಿಯಿಂದ ನಮಗೆ ಬಂದ ‘ಮಾಲೀಕ’ನೂ ಅದೇ ಧಾತುವಿನವನು. ‘ಶಾಲೋಮ್’ ಮತ್ತು ನಮ್ಮ ‘ಸಲಾಮು’ ಸಹ ಹಾಗೆಯೇ.

ಕೇಡಗಾಂವ್‌ನ ಮುಕ್ತಿ ಆಶ್ರಮದಲ್ಲಿ ಬರಗಾಲಕ್ಕೆ ಸಿಕ್ಕ ಹೆಣ್ಣುಮಕ್ಕಳು, ಎಳೆಯ ವಿಧವೆಯರು, ಅಂಧರು ನೂರಾರು ಮಂದಿ ಇದ್ದರು. ಅವರ ಊಟ, ಓದು, ಕೆಲಸಗಳ ಹೊಣೆಯ ನಡುವೆಯೇ ರಮಾಬಾಯಿ ಅನುವಾದಕ್ಕೆ ಕುಳಿತರು. ಆಗಿದ್ದ ಮರಾಠಿ ಬೈಬಲಿನ ಭಾಷೆ ಓದು ಕಡಿಮೆಯಿದ್ದ ಹೆಂಗಸರಿಗೆ ಕಠಿಣ ಎನ್ನುವುದು ಅವರ ಚಿಂತೆ. ಭಾಗವತವನ್ನು ಬಾಯಿಪಾಠ ಮಾಡಿದ್ದ ಪಂಡಿತೆಯೇ ಸಂಸ್ಕೃತದ ಭಾರವಾದ ಪದಗಳನ್ನು ಬಿಟ್ಟು ಆಡುಮಾತಿಗೆ ಹತ್ತಿರದ ಮರಾಠಿಯನ್ನು ಆರಿಸಿಕೊಂಡರು. ಆಶ್ರಮದ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿದವರೂ ಹೆಂಗಸರೇ. 1921ರಲ್ಲಿ ಮಗಳು ಮನೋರಮಾ ತೀರಿಕೊಂಡರು. ಆ ದುಃಖದಲ್ಲೂ ತಾಯಿ ಕೆಲಸ ನಿಲ್ಲಿಸಲಿಲ್ಲ. 1922ರ ಏಪ್ರಿಲ್ 5ರಂದು ಅವರು ಕಣ್ಣುಮುಚ್ಚುವ ಹೊತ್ತಿಗೆ ಅನುವಾದ ಮುಗಿದಿತ್ತು. ಪುಸ್ತಕ ಹೊರಬಂದದ್ದು 1924ರಲ್ಲಿ.

ಈಗಿನ ವಿದ್ಯಾರ್ಥಿನಿಗೆ ದಾರಿ ಎಷ್ಟೋ ಸುಗಮ. ಪರದೆಯ ಮೇಲಿನ ಪದವನ್ನು ಮುಟ್ಟಿದರೆ ಧಾತು, ಅರ್ಥ, ಉಚ್ಚಾರಣೆ ಸಿಗುತ್ತವೆ. ಕಿವಿ ಮಂದವಿದ್ದವರಿಗೆ ಪಾಠದ ಮಾತು ಅಕ್ಷರದಲ್ಲೂ ಮೂಡುತ್ತದೆ. ನಾಲ್ಕನೆಯ ಶತಮಾನದ ‘ಕೋಡೆಕ್ಸ್ ಸಿನೈಟಿಕಸ್’ ಎಂಬ ಗ್ರೀಕ್ ಹಸ್ತಪ್ರತಿಯ ಹಾಳೆಗಳು ಲಂಡನ್, ಲೈಪ್‌ಜಿಗ್, ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಸೀನಾಯ್‌ನಲ್ಲಿ ಹಂಚಿಹೋಗಿವೆ. 2009ರಿಂದ ಅವನ್ನು ಒಂದೇ ಕಡೆ, ಅಂತರಜಾಲದಲ್ಲಿ ನೋಡಬಹುದು. ಕ್ರಿಯಾಪದದ ರೂಪಗಳನ್ನು ಬಾಯಿಪಾಠ ಮಾಡುವ ಶ್ರಮವನ್ನು ಮಾತ್ರ ಯಾವ ಯಂತ್ರವೂ ನಮ್ಮ ಬದಲು ಪಡುವುದಿಲ್ಲ. ಅದಕ್ಕೆ ದಿನಕ್ಕೆ ಅರ್ಧ ಗಂಟೆಯಾದರೂ ನಾವೇ ಮೀಸಲಿಡಬೇಕು.

‘ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ?’ ಎಂಬ ಮಾತನ್ನು ನಮ್ಮಲ್ಲಿ ಕೇಳದವರಿಲ್ಲ. ಹಳೆಯ ಗ್ರಂಥ ಯಾವ ಧರ್ಮದ್ದೇ ಇರಲಿ, ಅದರ ಅರ್ಥವನ್ನು ಇನ್ನೊಬ್ಬರು ಹೇಳಿ ನಾವು ಕೇಳಿಕೊಂಡೇ ಬಂದಿದ್ದೇವೆ. ಲಕ್ಷ್ಮೀಬಾಯಿಯ ಕಲಿಕೆಗೆ ಒಂದು ಸಭೆಯೇ ಸೇರಿತ್ತು. ನಮ್ಮ ಕಲಿಕೆಗೆ ಯಾರ ಅಪ್ಪಣೆಯೂ ಬೇಕಿಲ್ಲ. ಮುಂದಿನ ಸಲ ಕೇಡಗಾಂವ್ ದಾಟುವಾಗ ಕಿಟಕಿಯಾಚೆ ಒಮ್ಮೆ ನೋಡೋಣ.